ಹೊಗಳಿದವರು ಹೊರಗೆ

ಈ ಸಲದ ಲಗೋರಿ ಪಂದ್ಯಗಳಲ್ಲಿ ನಾನು ಕಣ್ಣಾರೆ ಕಂಡದ್ದು ಮೊದಲ ಮೂರನ್ನು ಮಾತ್ರ. ಮೂರು ಪಂದ್ಯ ನೋಡಿ ಊರಿನ ಎಸೆತಗಾರರ ಬಗ್ಗೆ ಮಾತಾಡಲು ಹೊರಟಳಲ್ಲ ಈ ಗಿರಣಿ ಚೆನ್ನಾಜಮ್ಮ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನನಗೇನು. ಹಿಟ್ಟು ನುಣ್ಣಗೆ ಬೀಳುತ್ತಿದೆಯೋ ತರಿಯಾಗಿದೆಯೋ ಎಂದು ತಿಳಿಯಲು ನಾನು ಮೂಟೆ ಪೂರ್ತಿ ಬೀಸುವುದಿಲ್ಲ; ಮೊದಲು ಬಿದ್ದ ಹಿಡಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ, ಅಷ್ಟೇ. ಎಸೆತಗಾರರನ್ನು ನೋಡುವುದೂ ಹೀಗೆಯೇ. ಆಟದ ಕಾಲ ಆಗಷ್ಟೇ ಶುರುವಾದಾಗ ಅವರ ತೋಳಿಗೆ ದಣಿವು ಹತ್ತಿರುವುದಿಲ್ಲ, ಸೋತ ನೆನಪು ಇರುವುದಿಲ್ಲ, ಯಾರು ಎಷ್ಟು ಎನ್ನುವುದು ಚೊಕ್ಕವಾಗಿ ಕಾಣುತ್ತದೆ. ಮೂರನೆಯ ಪಂದ್ಯದ ನಡುವೆಯೇ ನಾನು ಮೈದಾನದ ಗೋಡೆಯಾಚೆ ಯಾಕೆ ಹೋದೆ ಎನ್ನುವುದು ಬೇರೆ ಕಥೆಯಲ್ಲ, ಇದೇ ಕಥೆ.

ನಮ್ಮೂರಲ್ಲಿ ಬಾಯಿಬಿಟ್ಟು ಹೊಗಳಿದರೆ ಭಾರವಾಗುತ್ತದೆ. ಯಾವುದನ್ನು ಹೊಗಳಿದರೋ ಅದು. ಕೂಸನ್ನು ನೋಡಿ "ಎಷ್ಟು ಮುದ್ದಾಗಿದೆ" ಎಂದುಬಿಟ್ಟರೆ ತೊಟ್ಟಿಲ ಹಗ್ಗ ಕಿರುಗುಟ್ಟುತ್ತದೆ, ತಾಯಿ ಮಗುವನ್ನೆತ್ತಲು ಗಂಡನನ್ನೂ ಮೈದುನನನ್ನೂ ಕೂಗಬೇಕಾಗುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈತೊಳೆದು "ಹುಡುಗಿ ಒಂದು ದಂಡಪಿಂಡ" ಎನ್ನುತ್ತಾರೆ. ಹೆಣ್ಣಿನ ಕಡೆಯವರು ಒಳಮನೆಗೆ ಹೋಗಿ ಕುಣಿಯುತ್ತಾರೆ. ಸಂತೆಯಲ್ಲಿ ತಕ್ಕಡಿ ಹಿಡಿದವನು ತೂಕ ಮುಗಿಯುವ ತನಕ ತನ್ನ ಬದನೆಕಾಯಿಯ ಬಗ್ಗೆ ತುಟಿ ಎರಡು ಮಾಡುವ ಹಾಗಿಲ್ಲ. ಸುಳ್ಳು ಹೊಗಳಿಕೆಗೆ ಮಾತ್ರ ತೂಕವಿಲ್ಲ. ನಮ್ಮ ಪುರಸಭೆ ಅಧ್ಯಕ್ಷರಿಗೆ ಒಂದು ಸಲ ಮಧ್ಯಾಹ್ನವೆಲ್ಲ ಭಾಷಣ ಹೊಡೆದು ಸನ್ಮಾನ ಮಾಡಿದರು. ಮುಗಿದ ಮೇಲೆ ಅವರು ಹಾರ ಹಾಕಿಕೊಂಡು ಪುಟಪುಟನೆ ಮೆಟ್ಟಿಲಿಳಿದು ಹೋದರು ನೋಡಿ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹಾಗೆಂದು ಒಳಗೆ ಹುಟ್ಟಿದ ಮೆಚ್ಚುಗೆಯನ್ನು ಅಲ್ಲೇ ಇಟ್ಟುಕೊಂಡರೆ ಅಜೀರ್ಣವಾಗುವುದಿಲ್ಲವೇ? ಅದಕ್ಕೇ ಬೈಯುತ್ತೇವೆ. ಮೆಚ್ಚುಗೆ ಹೆಚ್ಚಾದಷ್ಟೂ ಬೈಗುಳಕ್ಕೆ ಖಾರ ಹೆಚ್ಚು. ಯಾರ ಕೆಲಸ ನಿಜವಾಗಿ ಸಪ್ಪೆಯೋ ಅವರಿಗೆ ಮರ್ಯಾದೆಯಿಂದ "ಪರವಾಗಿಲ್ಲ" ಎನ್ನುತ್ತೇವೆ. ನಮ್ಮೂರಲ್ಲಿ ಪರವಾಗಿಲ್ಲ ಎನ್ನಿಸಿಕೊಂಡವನಿಗೆ ಆ ದಿನ ಅನ್ನ ಸೇರುವುದಿಲ್ಲ.

ಇಂಥ ಊರಲ್ಲಿ ಲಗೋರಿ ಆಡಿಸುವುದೆಂದರೆ ಸುಮ್ಮನೆ ಅಲ್ಲ. ಆಟವೇನೋ ನಿಮಗೆ ಗೊತ್ತಿರುವುದೇ. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಒಬ್ಬರು ಗೆರೆಯ ಮೇಲೆ ನಿಂತು ಚೆಂಡೆಸೆದು ಅದನ್ನು ಬೀಳಿಸಬೇಕು, ಒಬ್ಬರಿಗೆ ಮೂರು ಎಸೆತ. ಬಿದ್ದ ಕೂಡಲೇ ಎಸೆದವರ ಕಡೆಯವರು ಓಡಿಹೋಗಿ ಮತ್ತೆ ಪೇರಿಸಿ "ಲಗೋರಿ" ಎಂದು ಕೂಗಬೇಕು. ಅಷ್ಟರೊಳಗೆ ಎದುರಾಳಿಗಳು ಚೆಂಡು ಹಿಡಿದು ಒಬ್ಬೊಬ್ಬರನ್ನೇ ಹೊಡೆದು ಔಟು ಮಾಡುತ್ತಾರೆ. ಹಿಂದೊಮ್ಮೆ ಹೊಳೆಯಾಚೆಯ ಊರಿನವರು ಎಸೆಯಲು ಬಂದಾಗ ನಮ್ಮವರು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅಬ್ಬಬ್ಬ, ಎಂಥಾ ಲಕ್ಷಣವಾದ ಕಲ್ಲುಗಳು, ಯಾವ ಪುಣ್ಯಾತ್ಮ ಕಡೆದನೋ" ಎಂದು ಪಿಸುಗುಟ್ಟಿಬಿಟ್ಟರು. ಕಲ್ಲುಗಳು ನಿಜಕ್ಕೂ ಲಕ್ಷಣವಾಗಿದ್ದವು. ಆಮೇಲೆ ಚೆಂಡು ಬಡಿದರೂ ಅವು ಮಿಸುಕಲಿಲ್ಲ. ದೊಡ್ಡ ಜಗಳವಾಯಿತು. ಅಂದಿನಿಂದ ಮೈದಾನದ ಬಾಗಿಲಿಗೆ ಬೋರ್ಡು ಬಿತ್ತು: ಹೊಗಳಿದವರು ಹೊರಗೆ. ಮೈದಾನದೊಳಗೆ ಮನುಷ್ಯರನ್ನಾಗಲಿ ಕಲ್ಲನ್ನಾಗಲಿ ಹೊಗಳಿದವರು ಆ ಕ್ಷಣವೇ ಎದ್ದು ಹೋಗಬೇಕು, ಆ ಸಲದ ಆಟ ಪೂರ್ತಿ ಮುಗಿಯುವ ತನಕ ಹೊಸಿಲು ದಾಟಬಾರದು. ಅಂಪೈರ್ ಮರಿಸ್ವಾಮಿ ಇದರಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. ಹೋದ ವರ್ಷ ಅವನ ಅತ್ತೆ "ಏನು ತಂಪಾಗಿ ಬೀಸ್ತಿದೆ ಗಾಳಿ" ಎಂದಿದ್ದಕ್ಕೆ ಗಾಳಿ ಭಾರವಾಗಿ ಚೆಂಡೆಲ್ಲ ಅರ್ಧ ದಾರಿಯಲ್ಲೇ ಕೆಳಗಿಳಿಯತೊಡಗಿತು. ಅತ್ತೆಯನ್ನೇ ಹೊರಗೆ ಕಳಿಸಿದ. ಮನೆಯಲ್ಲಿ ಅವನಿಗೆ ಅದಕ್ಕೇನು ಸಿಕ್ಕಿತೋ ನನಗೆ ತಿಳಿಯದು.

ಆಟದ ಕಾಲ ಬಂತೆಂದರೆ ನಾನು ಗಿರಣಿಯ ಬೆಲ್ಟು ಕಳಚಿ, ತಲೆಯ ಹಿಟ್ಟು ಕೊಡವಿಕೊಂಡು, ಮೈದಾನದ ಮೇಲಿನ ಮೆಟ್ಟಿಲಲ್ಲಿ ಹೂ ಮಾರುವ ಪಂಕಜಮ್ಮನ ಪಕ್ಕ ಕೂರುತ್ತೇನೆ. ಪಂಕಜಮ್ಮ ಆಟ ಅರ್ಧ ನೋಡುತ್ತಾಳೆ, ಅರ್ಧ ಹೂ ಕಟ್ಟುತ್ತಾಳೆ, ಬೈಯುವುದರಲ್ಲಿ ಮಾತ್ರ ಅರೆಬರೆ ಎನ್ನುವುದಿಲ್ಲ. ನಾನು ಬಂದದ್ದು ಎಸೆತಗಾರರನ್ನು ನೋಡಲು. ಪೇರಿಸುವವರು, ಓಡುವವರು, ಹಿಡಿಯುವವರು ಎಲ್ಲರೂ ಇರಲಿ ಪಾಪ. ನನಗೆ ಜೀವ ಹಿಡಿಯಷ್ಟಾಗುವುದು ಒಬ್ಬರು ಗೆರೆಯ ಮೇಲೆ ನಿಂತು ಚೆಂಡನ್ನು ಅಂಗೈಯಲ್ಲಿ ತಿರುಗಿಸುವಾಗ. ಅವರ ಬಗ್ಗೆ ಇಲ್ಲಿಯೂ ನಾನು ಎಚ್ಚರವಾಗಿಯೇ ಹೇಳಬೇಕು. ಯಾರ ತೋಳೂ ನನ್ನ ಬಾಯಿಂದ ಕೆಡಬಾರದು.

ಮೊದಲು ನಾಯಕ ಹುಲಿಯಪ್ಪ. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಎಸೆಯುವಾಗಲೂ ಕಾವಲಿಯ ಮೇಲೆ ಹಿಟ್ಟು ಹರಡುವ ಹಾಗೆ ತೋಳನ್ನು ದೊಡ್ಡ ಸುತ್ತು ತಿರುಗಿಸುತ್ತಾನೆ. ಹೋದ ವರ್ಷದ ತನಕ ಅವನಿಗೆ ಬೀಳುತ್ತಿದ್ದ ಬೈಗುಳ ಕೇಳಲು ಪಕ್ಕದೂರುಗಳಿಂದ ಜನ ಬರುತ್ತಿದ್ದರು. ಈ ಸಲ ಆ ಸುತ್ತು ಪೂರ್ತಿ ಆಗುವುದೇ ಇಲ್ಲ, ಭುಜದ ಹತ್ತಿರ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಮೊದಲ ಪಂದ್ಯದಲ್ಲಿ ಅವನ ಮೂರೂ ಎಸೆತ ಕಲ್ಲಿನ ಮೇಲೆ ಹಾದುಹೋದಾಗ ಮೆಟ್ಟಿಲ ಮೇಲಿಂದ ಯಾರೋ, "ಪರವಾಗಿಲ್ಲ ಹುಲಿಯಪ್ಪನೋರೇ" ಎಂದರು. ಹುಲಿಯಪ್ಪ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡ. ಎರಡನೆಯವನು ಕಟಿಂಗ್ ಶಾಪಿನ ನೂರುಲ್ಲಾ. ಅವನಿಗೆ ಅವಸರವೆನ್ನುವುದೇ ಇಲ್ಲ. ತಲೆಯ ಆ ಕಡೆ ಈ ಕಡೆ ಸಮವಾಗಿದೆಯೋ ಎಂದು ನೋಡುವವನ ಹಾಗೆ ಕಲ್ಲುಗಳನ್ನು ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ಇನ್ನೊಂದು ಕಣ್ಣು ಮುಚ್ಚಿ ನೋಡುತ್ತಾನೆ, ಅಷ್ಟು ಹೊತ್ತಿಗೆ ನಮ್ಮ ಕಡಲೆಕಾಯಿ ಮುಗಿದಿರುತ್ತದೆ. ಬೀಳಿಸುವುದು ಮೇಲಿನ ಎರಡೋ ಮೂರೋ ಕಲ್ಲು, ಅಷ್ಟೇ. ಆದರೆ ಯಾವ ಮೂರು ಎಂದು ಮೊದಲೇ ಹೇಳಿ ಬೀಳಿಸುತ್ತಾನೆ, ಅವನ ಸೊಕ್ಕಿಗಿಷ್ಟು.

ಮೂರನೆಯವಳು ದಾಕ್ಷಾಯಿಣಿ. ಎಲ್ಲರ ಬಾಯಲ್ಲಿ ದಾಕ್ಷಿ. ಗುಡ್ಡದಾಚೆಯ ಊರಿನವಳು, ಮೂವತ್ತರ ಆಸುಪಾಸು, ನಮ್ಮ ಡಿಪೋಗೆ ಕಂಡಕ್ಟರಾಗಿ ಬಂದು ನನ್ನ ಗಿರಣಿಯ ಮೇಲಿನ ರೂಮಿನಲ್ಲಿ ಬಾಡಿಗೆಗೆ ಸೇರಿದವಳು. ಒಂದು ದಿನ ಯಾರೋ ಬಸ್ಸಿನಲ್ಲಿ ಛತ್ರಿ ಬಿಟ್ಟು ಇಳಿದುಹೋದರು. ಬಸ್ಸು ಆಗಲೇ ಹೊರಟಿತ್ತು. ಈ ಮಾರಾಯ್ತಿ ಕಿಟಕಿಯಿಂದ ಛತ್ರಿಯನ್ನು ಎಸೆದಳು. ಅದು ನಡೆದು ಹೋಗುತ್ತಿದ್ದ ಆಸಾಮಿಯ ಕಂಕುಳಿಗೇ ಹೋಗಿ ಸೇರಿತು. ಆತ ಹಿಂದಿರುಗಿಯೂ ನೋಡದೆ ಛತ್ರಿ ಬಿಚ್ಚಿಕೊಂಡು ಹೋದ. ಹುಲಿಯಪ್ಪ ಕಾವಲಿಯ ಮುಂದೆ ನಿಂತು ಇದನ್ನು ನೋಡಿದವನು ದೋಸೆ ಸೀಯಲು ಬಿಟ್ಟು ಬಸ್ಸಿನ ಹಿಂದೆ ಓಡಿದ. ಮರುದಿನವೇ ಅವಳು ತಂಡಕ್ಕೆ ಸೇರಿದಳು.

ಅವಳ ಎಸೆತ ಹೇಗಿತ್ತೆಂದರೆ, ಅದಕ್ಕೆ ಬೆಂಕಿ ಬೀಳ. ತೋಳು ತಿರುಗಿಸುವುದಿಲ್ಲ, ಹಾರುವುದಿಲ್ಲ, ಕೂಗುವುದಿಲ್ಲ. ಟಿಕೆಟ್ ಹರಿದು ಕೊಡುವ ಹಾಗೆ ಮಣಿಕಟ್ಟು ಒಂದಿಷ್ಟು ಅಲುಗುತ್ತದೆ, ಚೆಂಡು ನೆಲದಿಂದ ಗೇಣೆತ್ತರದಲ್ಲಿ ಹೋಗಿ ತಳದ ಕಲ್ಲಿನ ಮೇಲಿನ ಕಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಉಳಿದವು ಈಗ ಏನು ಮಾಡುವುದೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತು ಆಮೇಲೆ ದಡದಡ ಬೀಳುತ್ತವೆ. ಮೊದಲ ಪಂದ್ಯದಲ್ಲಿ ಅದನ್ನು ಕಂಡಾಗ, ಇಷ್ಟು ವರ್ಷ ಆ ಮೆಟ್ಟಿಲ ಮೇಲೆ ಕೂತಿದ್ದು ಇದಕ್ಕೇ ಅನ್ನಿಸಿತು. ಎದ್ದು ನಿಂತು, "ನಿನ್ನ ಕೈ ಸೇದೋಗ! ಹಾಳಾದೋಳೆ, ಯಾವ ನರಕದಿಂದ ಬಂದ್ಯೇ ನೀನು!" ಎಂದು ಕಿರುಚಿದೆ. ಪಂಕಜಮ್ಮ ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು, "ಎಕ್ಕುಟ್ಟೋಗಾ, ನಿನ್ನ ಮುಖಕ್ಕಿಷ್ಟು ಮಣ್ಣು ಹಾಕ!" ಎಂದಳು. ಮೈದಾನವೆಲ್ಲ ದನಿಗೂಡಿಸಿತು. ದಾಕ್ಷಿ ತಲೆಯೆತ್ತಿ ನಮ್ಮ ಕಡೆ ನೋಡಿದಳು. ನಾಚಿಕೊಂಡಳು ಎಂದುಕೊಂಡೆ.

ಅವಳಿಗೆ ಒಂದೇ ಒಂದು ದೋಷವಿತ್ತು, ಅದು ಕಾಲಿನದು. ಎಸೆಯುವಾಗ ಪಾದ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಸಲ ಎಡಕ್ಕೆ, ಒಂದು ಸಲ ಹಿಂದಕ್ಕೆ ಜಾರುತ್ತಿತ್ತು. ಮೂರರಲ್ಲಿ ಎರಡು ಚೆಂಡು ಅದರಿಂದಲೇ ಹಾಳು. ಕಾರಣ ನನಗೆ ಆಮೇಲೆ ತಿಳಿಯಿತು. ಎರಡನೆಯ ಪಂದ್ಯವಾದ ಮೇಲೆ ಗಿರಣಿಯ ಬೆಲ್ಟು ಹರಿದು, ಹೊಸದು ತರಲು ಅವಳ ಬಸ್ಸಿನಲ್ಲೇ ಹೋಗಿದ್ದೆ. ಬಸ್ಸು ಕಿಕ್ಕಿರಿದಿತ್ತು. ಕೋಳಿ ಮಂಕರಿ ಹೊತ್ತ ಒಬ್ಬ ಮುದುಕಿ ಹತ್ತಿದಳು. ದಾಕ್ಷಿ ತನ್ನ ಸೀಟಿನಲ್ಲಿ ಅವಳನ್ನು ಕೂರಿಸಿ ತಾನು ನಿಂತಳು. ಗುಡ್ಡದ ತಿರುವಿನಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ಇವಳು ಕಂಬಿಯನ್ನೂ ಹಿಡಿಯದೆ ನಿಂತೇ ಇದ್ದಳು, ತೂಕಡಿಸುತ್ತಿದ್ದ ಮುದುಕಿ ಕೆಳಗೆ ಬೀಳದ ಹಾಗೆ ತನ್ನ ಮಂಡಿಯನ್ನು ಅವಳಿಗೆ ಆನಿಸಿಕೊಂಡು. ಓಡುವ ಬಸ್ಸಿನಲ್ಲಿ ಕದಲದ ಕಾಲು ನಿಂತ ನೆಲದ ಮೇಲೆ ತೇಲಾಡುತ್ತದೆ! ನೆಲ ಅಲುಗುವುದಿಲ್ಲ ಎಂದು ಆ ಕಾಲಿಗೆ ಇನ್ನೂ ನಂಬಿಕೆಯೇ ಬಂದಿರಲಿಲ್ಲ. ಸಂಜೆ ಅವಳು ಚಪ್ಪಲಿ ಕಳಚಿದಾಗ ಪಾದ ಊದಿಕೊಂಡಿತ್ತು. ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟು, "ಕೊಬ್ಬು ಜಾಸ್ತಿಯಾಗಿದೆ ನಿಂಗೆ, ಅನುಭವ್ಸು" ಎಂದೆ. ಅವಳು ಕಾಲು ನೀರಿಗಿಟ್ಟಳು.

ಮೂರನೆಯ ಪಂದ್ಯ ಹೊಳೆಯಾಚೆಯವರ ಮೇಲೆ. ಆ ದಿನ ಬೆಳಿಗ್ಗೆ ನಾನು ರಾಗಿ ಹಾಕುತ್ತಿದ್ದಾಗ ದಾಕ್ಷಿ ಮೆಟ್ಟಿಲಿಳಿದು ಬಂದು ಗಿರಣಿಯ ಬಾಗಿಲಲ್ಲಿ ನಿಂತಳು. ನಾನು ಮೋಟರು ನಿಲ್ಲಿಸಿದೆ.

"ಚೆನ್ನಾಜಮ್ಮೋರೇ, ರೂಮು ಖಾಲಿ ಮಾಡ್ತೀನಿ. ನಾಳೆ ಫಸ್ಟ್ ಬಸ್ಸಿಗೆ ಹೊರಟೆ. ನಮ್ಮೂರ ಡಿಪೋಗೇ ಹಾಕ್ಕೊಡಿ ಅಂತ ಕೇಳಿದ್ದೆ, ಆಗ್ಲಿ ಅಂದ್ರು. ಇವತ್ತಿಂದು ಆಡಿಬಿಟ್ಟು ಹೋಗ್ತೀನಿ. ಮಾತು ಕೊಟ್ಟಿದೀನಲ್ಲ."

"ಯಾಕೇ? ಏನಾಯ್ತೇ?"

"ಹೊಗಳಿದ್ರೆ ಭಾರ ಆಗುತ್ತೆ, ಅದು ನಂಗೂ ಗೊತ್ತು. ಬಂದ ವಾರದಲ್ಲೇ ಯಾರೋ ನನ್ನ ಜಡೆ ನೋಡಿ ಏನೋ ಅಂದು, ಮೂರು ದಿನ ಕುತ್ತಿಗೆ ಎತ್ತಕ್ಕಾಗಿರ್ಲಿಲ್ಲ. ಹೊಗಳ್ಬೇಡಿ, ಸರಿ. ಸುಮ್ನಿರ್ಬೋದಲ್ಲ? ಹುಲಿಯಪ್ಪಣ್ಣ ಒಂದು ಕಲ್ಲೂ ಬೀಳಿಸ್ಲಿಲ್ಲ, ಅವ್ರಿಗೆ ಎಷ್ಟು ಮರ್ಯಾದೆಯಿಂದ ಪರವಾಗಿಲ್ಲ ಅಂತೀರ. ನಾನು ಬೀಳ್ಸಿದ್ರೆ ಕೈ ಸೇದೋಗ್ಲಿ ಅಂತೀರ. ನಿಮ್ಮೂರ ಹುಡುಗರ ಜಾಗ ಕಿತ್ಕೊಂಡೆ ಅಂತ ತಾನೆ? ನಾನೇನೂ ಕೇಳ್ಕೊಂಡು ಬರ್ಲಿಲ್ಲ, ಅವರೇ ಕರೆದಿದ್ದು." ಅವಳ ದನಿ ಒಡೆಯಿತು. "ಬೇರೆಯೋರು ಬೈದ್ರೆ ಬೈಲಿ. ನೀವು ನಂಗೆ ಬಿಸಿನೀರು ತಂದ್ಕೊಟ್ಟೋರು. ನೀವೇ ಎಲ್ರಿಗಿಂತ ಜೋರಾಗಿ ಬೈತೀರಲ್ಲ, ಅದು ನಂಗೆ ತಡೀಲಿಲ್ಲ."

ನಾನು ಬಾಯಿ ತೆರೆದೆ. ಏನು ಹೇಳಲಿ? "ನೀನು ಬೇಕಾದೋಳು, ನಿನ್ನ ಎಸೆತ ಕಂಡು ನನಗೆ ಕಣ್ಣೀರು ಬಂತು, ಅದಕ್ಕೇ ಬೈದೆ" ಎಂದರೆ ಅದೇ ಹೊಗಳಿಕೆ. ಮಧ್ಯಾಹ್ನಕ್ಕೆ ಪಂದ್ಯ, ತೋಳು ಒನಕೆಯಾಗಿ ಕೂರುತ್ತದೆ. ಹೇಳದಿದ್ದರೆ ನಾಳೆ ಅವಳಿಲ್ಲ. ಒಳಗೆ ಪ್ರೀತಿ ಉಕ್ಕಿತು, ಹುಟ್ಟಿದ ಲಾಗಾಯ್ತಿನ ಅಭ್ಯಾಸ ನಾಲಿಗೆಯ ಮೇಲೆ ಕೂತಿತ್ತು. "ಹೋಗೋದಾದ್ರೆ ಹೋಗು, ದರಿದ್ರದೋಳೆ!" ಎಂದುಬಿಟ್ಟೆ. ನಮ್ಮೂರಿನವರಾಗಿದ್ದರೆ ಅಷ್ಟಕ್ಕೇ ಗಂಟುಮೂಟೆ ಬಿಚ್ಚಿ, ನನ್ನನ್ನು ತಬ್ಬಿಕೊಂಡು ಅತ್ತಿರುತ್ತಿದ್ದರು. ದಾಕ್ಷಿ ತಲೆಯಾಡಿಸಿ ಹೊರಟುಹೋದಳು. ನಾನು ಮೋಟರು ಹಾಕಿದೆ. ರಾಗಿಯ ಬದಲು ಯಾರದೋ ಮೆಣಸಿನಕಾಯಿ ಸುರಿದು, ಬೀದಿಯವರೆಲ್ಲ ಸೀನುವ ಹಾಗೆ ಮಾಡಿದೆ.

ಪಂದ್ಯಕ್ಕೆ ಮೈದಾನ ತುಂಬಿತ್ತು. ಹೊಳೆಯಾಚೆಯವರ ನಾಯಕ ಬೋರಲಿಂಗ ಅಡ್ಡಗಲದ ಆಳು. ಅವನ ಎಸೆತದಲ್ಲಿ ಬಲ ಬಿಟ್ಟರೆ ಬೇರೇನಿಲ್ಲ, ಆದರೆ ಬಲವೇ ಬೇಕಾದಷ್ಟಿತ್ತು. ಕಡೆಗೆ ಎರಡೂ ಕಡೆಯ ಲೆಕ್ಕ ಸಮವಾಗಿ, ಕೊನೆಯ ಸರದಿ ದಾಕ್ಷಿಯದಾಯಿತು. ಬೀಳಿಸಿ ಪೇರಿಸಿದರೆ ನಾವು ಗೆದ್ದೆವು, ಇಲ್ಲದಿದ್ದರೆ ಅವರು. ಖಾಕಿ ಅಂಗಿಯ ತೋಳು ಮಡಿಸಿ ಅವಳು ಗೆರೆಯ ಮೇಲೆ ನಿಂತಳು. ಮೊದಲ ಚೆಂಡಿಗೆ ಕಾಲು ಎಡಕ್ಕೆ ಜಾರಿತು. ಎರಡನೆಯದಕ್ಕೆ ಇನ್ನೂ ಕೆಟ್ಟದಾಗಿ. ಎರಡೂ ಕಲ್ಲಿನ ಪಕ್ಕದಲ್ಲಿ ಹಾದುಹೋದವು. ಜನಕ್ಕೆ ಅವಳ ಮೇಲಿನ ಅಕ್ಕರೆ ತಡೆಯಲಾಗಲಿಲ್ಲ. ಧೈರ್ಯ ತುಂಬಬೇಕಲ್ಲ! ನಾಲ್ಕೂ ಕಡೆಯಿಂದ ಬೈಗುಳ ಸುರಿಯಿತು. ಪಂಕಜಮ್ಮ ಅವಳ ಮನೆತನ, ಬಸ್ಸು, ಸೀಟಿ ಯಾವುದನ್ನೂ ಬಿಡಲಿಲ್ಲ. ದಾಕ್ಷಿ ಚೆಂಡನ್ನು ಮೆಲ್ಲಗೆ ಗೆರೆಯ ಮೇಲಿಟ್ಟಳು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಬಾಗಿಲ ಕಡೆಗೆ ನಡೆದಳು.

"ನೀರು ಕುಡಿಯಕ್ಕೆ ಹೋಗ್ತಿದಾಳೆ ಅನ್ಸುತ್ತೆ," ಎಂದಳು ಪಂಕಜಮ್ಮ.

ನೀರಿಗಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವಳ ಬೆನ್ನಿನಾಚೆಯ ಬೋರ್ಡು. ಆಟದ ಕಾಲ ಈಗಷ್ಟೇ ಶುರುವಾಗಿದೆ. ನೂರುಲ್ಲಾನ ಕೈ ಇನ್ನೂ ಪಳಗಬೇಕು, ಹುಲಿಯಪ್ಪನ ಭುಜ ಬಿಟ್ಟುಕೊಳ್ಳುತ್ತದೋ ಇಲ್ಲವೋ ನೋಡಬೇಕು, ಮುಂದಿನ ತಿಂಗಳುಗಳಲ್ಲಿ ಎಷ್ಟು ಪಂದ್ಯಗಳು! ವರ್ಷವಿಡೀ ಹಿಟ್ಟು ಕುಡಿದು ಕೆಮ್ಮುವುದು ಈ ಮೆಟ್ಟಿಲಿಗಾಗಿ ಅಲ್ಲವೇ? ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು.

"ದಾಕ್ಷಾಯಿಣೀ! ನಿಲ್ಲು!"

ಅವಳು ತಿರುಗಲಿಲ್ಲ.

"ನಿನ್ನ ಥರ ನಿಲ್ಲೋರನ್ನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ ಕಣವ್ವಾ! ಆ ಮುದುಕಿಗೆ ಸೀಟು ಕೊಟ್ಟು, ಗುಡ್ಡ ಇಳಿಯೋಗಂಟ ನಿಂತ್ಕೊಂಡೇ ಬಂದ್ಯಲ್ಲ, ಅವಳು ಬೀಳ್ದಂಗೆ ಮಂಡಿ ಕೊಟ್ಟು! ಕಾಲು ಬಾತ್ಕೊಂಡ್ರೂ ಒಬ್ರಿಗೂ ಹೇಳ್ಲಿಲ್ಲ! ಅಂಥಾ ಬಂಗಾರದ ಕಾಲು ಕಣೇ ನಿಂದು! ಅವು ನಮ್ಮೂರ ನೆಲ ತುಳೀತಾ ಇರೋದೇ ನಮ್ಮ ಪುಣ್ಯ! ನಾನು ಬೈದಿದ್ದೆಲ್ಲ ಇದೇ ಕಣೇ, ಇದನ್ನೇ ಬೈದಿದ್ದು!"

ಪಂಕಜಮ್ಮನ ತೊಡೆಯ ಮೇಲಿಂದ ಮಲ್ಲಿಗೆ ಜಾರಿ ಬಿತ್ತು. ಇಷ್ಟು ಜನ ಒಟ್ಟಿಗೆ ಕೂತಿದ್ದಲ್ಲಿ ಇಷ್ಟು ನೇರವಾದ ಮಾತನ್ನು ಯಾರೂ ಕೇಳಿರಲಿಲ್ಲ. ಕೆಲವರು ನಾಚಿಕೆಯಿಂದ ತಲೆ ತಗ್ಗಿಸಿದರು. ಬಾಗಿಲ ಹತ್ತಿರ ದಾಕ್ಷಿಯ ಕಾಲು ನಿಂತುಹೋಗಿತ್ತು. ಚಪ್ಪಲಿಯ ಅಂಚು ಮಣ್ಣಿನೊಳಗೆ ಇಳಿಯುವುದು ಮೆಟ್ಟಿಲಿನಿಂದಲೇ ಕಾಣುತ್ತಿತ್ತು. ಅವಳು ಸೊಂಟದಿಂದ ಮೇಲೆ ಮಾತ್ರ ತಿರುಗಿ ನನ್ನನ್ನು ನೋಡಿದಳು. ತನ್ನ ಪಾದ ನೋಡಿಕೊಂಡಳು. ಸುಳ್ಳಿಗೆ ತೂಕವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅಲ್ಲೇ ನಿಂತು, ಅಷ್ಟು ಜನರ ಮುಂದೆ, ಮಗುವಿನ ಹಾಗೆ ಗೊಳೋ ಎಂದು ಅತ್ತಳು.

ಕಾಲಿನ ದೋಷಕ್ಕೆ ಮದ್ದಾಗಲಿ ಎಂದೇ ನಾನು ಕಾಲನ್ನು ಹೊಗಳಿದೆ ಎಂದು ಈಗ ಊರಲ್ಲಿ ನನ್ನ ಜಾಣತನದ ಸುದ್ದಿಯಾಗಿದೆ. ನಾನೂ ಅಲ್ಲಗಳೆದಿಲ್ಲ. ನಿಜಕ್ಕೂ ಆ ಹೊತ್ತಿನಲ್ಲಿ ನನಗೆ ಲಗೋರಿಯ ನೆನಪೇ ಇರಲಿಲ್ಲ.

ಮರಿಸ್ವಾಮಿ ಸೀಟಿ ಊದಿದ. "ಚೆನ್ನಾಜಕ್ಕ, ಹೊರಗೆ."

"ಹೋಗ್ತೀನಿ ತಾಳಪ್ಪ, ನಿನ್ನ ಮೈದಾನ ಏನು ಹೊತ್ಕೊಂಡು ಹೋಗಲ್ಲ. ಮೂರನೇ ಎಸೆತ ಬಾಕಿ ಇದೆಯಲ್ಲ?"

ಬೋರಲಿಂಗ ಮೀಸೆಯಡಿಯಲ್ಲಿ ನಕ್ಕ. ತನ್ನ ಕಡೆಯವಳಿಗೇ ಭಾರ ಹೇರಿದ ಮುದುಕಿಯನ್ನು ಅವನು ಅದೇ ಮೊದಲು ನೋಡುತ್ತಿದ್ದ. "ಎಸೀಲಿ ಬಿಡಿ, ನಮ್ದೇನೂ ತಕರಾರಿಲ್ಲ," ಎಂದ. ಹುಲಿಯಪ್ಪ ಒಂದು ಕಡೆ, ನೂರುಲ್ಲಾ ಒಂದು ಕಡೆ ಭುಜ ಕೊಟ್ಟು ದಾಕ್ಷಿಯನ್ನು ಗೆರೆಗೆ ಕರೆತಂದರು. ಅವಳ ಪಾದ ಎಳೆದ ಕಡೆಯಲ್ಲೆಲ್ಲ ನೇಗಿಲು ಹಾಯ್ದ ಹಾಗೆ ಸಾಲು ಬಿದ್ದಿತು. ಮರಿಸ್ವಾಮಿ ನನ್ನ ಹಿಂದೆಯೇ ಇದ್ದ. ನಾನು ಹೊರಗೆ ನಡೆದೆ, ಆದರೆ ಹಿಂದು ಹಿಂದಾಗಿ. ಹೊರಗೆ ಹೋಗಬೇಕೆಂಬುದು ನಿಯಮ, ಮುಖ ಯಾವ ಕಡೆ ಇರಬೇಕೆಂದು ಬೋರ್ಡಿನಲ್ಲಿ ಬರೆದಿಲ್ಲ. ಸೊಂಟ ನೋವೆಂದು ಆಗಾಗ ನಿಂತೆ, ಚಪ್ಪಲಿ ಸರಿಮಾಡಿಕೊಂಡೆ. ನನ್ನ ಹಿಮ್ಮಡಿ ಹೊಸಿಲಿಗೆ ತಾಗಿದ ಹೊತ್ತಿಗೆ ದಾಕ್ಷಿ ಕಣ್ಣೊರೆಸಿಕೊಂಡು ಚೆಂಡು ಎತ್ತಿಕೊಂಡಿದ್ದಳು.

ಆ ಎಸೆತ ನಾನು ನೋಡಿದ ಕೊನೆಯದು. ಕಾಲು ಕದಲಲಿಲ್ಲ. ಕೂದಲೆಳೆಯಷ್ಟೂ ಕದಲಲಿಲ್ಲ. ಮಣಿಕಟ್ಟು ಅಲುಗಿತು, ಚೆಂಡು ಹೋಯಿತು, ತಳದ ಮೇಲಿನ ಕಲ್ಲು ಮಾಯವಾಯಿತು, ಉಳಿದವು ಆ ಒಂದು ಗಳಿಗೆ ಹಾಗೇ ನಿಂತವು. ಅವು ಬೀಳುವ ಮೊದಲೇ ಮರಿಸ್ವಾಮಿ ಬಾಗಿಲೆಳೆದುಕೊಂಡ. ದಡದಡ ಎಂಬುದು ಗೋಡೆಯಾಚೆಯಿಂದ ಕೇಳಿಸಿತು.

ಆಮೇಲೆ ಬರೀ ಗದ್ದಲ. ನಾನು ಗೋಡೆಗೆ ಕಿವಿ ಒತ್ತಿ ನಿಂತೆ. ಒಳಗೆ ನಡೆದದ್ದನ್ನು ಪಂಕಜಮ್ಮ ಆಮೇಲೆ ಹೇಳಿದಳು. ಚೆಂಡು ಬೋರಲಿಂಗನ ಕೈಗೇ ಸಿಕ್ಕಿತಂತೆ. ಕಲ್ಲು ಪೇರಿಸಲು ಓಡುತ್ತಿದ್ದ ಹುಲಿಯಪ್ಪನನ್ನು ಹೊಡೆಯುವುದು ಬಿಟ್ಟು ಅವನು, ಓಡಲಾರದೆ ನೆಟ್ಟಗೆ ನಿಂತಿದ್ದ ದಾಕ್ಷಿಯನ್ನು ನೋಡಿದ. ಇಷ್ಟು ಸುಲಭದ ಗುರಿ ಯಾರಿಗೆ ಸಿಗುತ್ತದೆ? ಆಸೆಗೆ ಬಿದ್ದು ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆದ. ಚೆಂಡು ಅವಳ ಮೊಣಕಾಲ ಕೆಳಗೆ ಬಡಿದು, ಗೋಡೆಗೆ ಬಡಿದಂತೆ ಪುಟಿದು, ಮೈದಾನದ ಆ ತುದಿಯ ಚರಂಡಿಗೆ ಬಿತ್ತು. ದಾಕ್ಷಿ ಔಟು, ಸರಿ. ಆದರೆ ಅವರು ಚರಂಡಿಯಲ್ಲಿ ಕೈಯಾಡಿಸುತ್ತಿರುವಷ್ಟರಲ್ಲಿ ಹುಲಿಯಪ್ಪ ಮಂಡಿಯೂರಿ ಒಂದೊಂದೇ ಕಲ್ಲನ್ನು ದೋಸೆ ಪೇರಿಸಿದ ಹಾಗೆ ಪೇರಿಸಿದ. ಇದೆಲ್ಲ ನನಗೆ ಆಗ ಗೊತ್ತಿಲ್ಲ. ನನಗೆ ಕೇಳಿಸಿದ್ದು ಹುಲಿಯಪ್ಪನ ಹರಿದ ಗಂಟಲು ಮಾತ್ರ: "ಲಗೋರೀ!" ಅದರ ಬೆನ್ನಿಗೇ ಇಡೀ ಮೈದಾನ ಅವನನ್ನು ಬಾಯಿಗೆ ಬಂದಂತೆ ಬೈಯತೊಡಗಿತು. ಅವನ ದೋಸೆಗೆ, ಟೋಪಿಗೆ, ಏಳು ತಲೆಮಾರಿಗೆ. ಈ ವರ್ಷ ಅವನಿಗೆ ಬಿದ್ದ ಮೊದಲ ಬೈಗುಳ. ಗೋಡೆಯಾಚೆ ನಿಂತು ನಾನೂ ನನ್ನ ಪಾಲಿನದನ್ನು ಕೂಗಿದೆ.

ನಾನು ಗಿರಣಿಗೆ ಹೋಗಿ ಮೂಟೆ ಸಾಗಿಸುವ ತಳ್ಳುಗಾಡಿ ತಂದು ಬಾಗಿಲ ಹೊರಗೆ ನಿಲ್ಲಿಸಿದೆ. ಆರು ಜನ ಸೇರಿ ದಾಕ್ಷಿಯನ್ನು ಎತ್ತಿ ಅದರಲ್ಲಿ ಕೂರಿಸಿದರು. ಗಾಡಿಯ ಅಚ್ಚು ನರಳಿತು. ಹುಲಿಯಪ್ಪ ಮುಂದೆ ಎಳೆದ, ನೂರುಲ್ಲಾ ಪಕ್ಕದಲ್ಲಿ ತಳ್ಳಿದ, ನಾನು ಹಿಂದಿನಿಂದ. ಬಿಸಿಲು ಇಳಿದಿತ್ತು. ಬಾಗಿಲ ಬಾಗಿಲಲ್ಲೂ ಜನ ನಿಂತು ಅವಳಿಗೆ ಬೈದರು. ಈಗ ಅವಳು ಒಂದೊಂದನ್ನೂ ಕಿವಿಗೊಟ್ಟು ಕೇಳುತ್ತಿದ್ದಳು. ಯಾರೋ ಹುಡುಗಿ "ಎಕ್ಕುಟ್ಟೋಗಾ ದಾಕ್ಷಕ್ಕಾ" ಎಂದಾಗ ಕೈಯೆತ್ತಿ ನಮಸ್ಕಾರ ಮಾಡಿದಳು.

"ನಾಳೆ ಫಸ್ಟ್ ಬಸ್ಸು," ಎಂದೆ ನಾನು, ಅವಳ ಬೆನ್ನಿಗೆ.

"ಬಸ್ಸಿನ ಮೆಟ್ಲು ಹತ್ತಕ್ಕಾಗುತ್ತಾ ಈ ಕಾಲಲ್ಲಿ?"

"ಭಾರ ಒಂದಿನ ಇಳಿಯುತ್ತಲ್ಲ. ಆಮೇಲೆ?"

ಗಾಡಿ ತಿರುವಿನಲ್ಲಿ ಹೊರಳಿತು. ಅವಳು ನಿಧಾನಕ್ಕೆ ಕತ್ತು ಹೊರಳಿಸಿ ನನ್ನ ಕಡೆ ನೋಡಿದಳು. ಕಣ್ಣು ಇನ್ನೂ ಕೆಂಪಗಿತ್ತು. ಗಂಟಲು ಸರಿಮಾಡಿಕೊಂಡಳು, ಬಸ್ಸಿನಲ್ಲಿ ಊರ ಹೆಸರು ಕೂಗುವವಳ ಹಾಗೆ.

"ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಹಾಳು ಮುದುಕಿ! ಬೆಳಿಗ್ಗೆಯೇ ಹೇಳಕ್ಕೆ ಏನಾಗಿತ್ತು ನಿಮ್ಗೆ ರೋಗ? ಈಗ ಇಡೀ ವರ್ಷದ ಆಟ ಹೋಯ್ತು ನಿಮ್ದು, ಗೋಡೆ ನೆಕ್ಕೊಂಡು ನಿಂತ್ಕೊಳ್ಳಿ! ಒಂದೊಂದು ಪಂದ್ಯಾನೂ ಮನೆಗೆ ಬಂದು ನಾನು ಒದರಬೇಕು, ನಂಗೆ ಬೇರೆ ಕೆಲ್ಸ ಇಲ್ವಾ? ನಿಮ್ಮ ಗಿರಣಿಗೆ ಬೆಂಕಿ ಹಾಕ!"

ಹುಲಿಯಪ್ಪ ಗಾಡಿ ನಿಲ್ಲಿಸಿಬಿಟ್ಟ. ನೂರುಲ್ಲಾ ಬಾಯಿಗೆ ಕೈ ಹಿಡಿದುಕೊಂಡ. ಬೈಗುಳ ಹೇಗಿತ್ತೆಂದು ನಾನು ಹೇಳುವ ಹಾಗಿರಲಿಲ್ಲ, ಹೇಳಿದ್ದರೆ ಗಾಡಿಯ ಅಚ್ಚು ಮುರಿಯುತ್ತಿತ್ತು. ಅವಳು ಉಸಿರೆಳೆದುಕೊಂಡು, ತುಸು ಅಳುಕಿನಿಂದ ಕೇಳಿದಳು.

"ಇದು ನಿಜವಾಗ್ಲೂ ಬೈದಿದ್ದೋ, ಪ್ರೀತಿಗೆ ಬೈದಿದ್ದೋ? ಗೊತ್ತಾಯ್ತಾ ನಿಮ್ಗೆ?"

"ಸರಿಯಾಗಿ ಗೊತ್ತಾಗ್ಲಿಲ್ಲ ಕಣೇ," ಎಂದೆ. "ಇನ್ನೊಂದ್ಸಲ ಬೈ."